ಲ್ಯಾಪ್‌ಟಾಪ್‌ಗೆ ರ‍್ಯಾಮ್ ಎಷ್ಟು ಬೇಕು? ‘ಆಮೇಲೆ ಹಾಕಿಸ್ಕೊಳ್ಳಿ’ ಅಂದ್ರೆ ಒಂದ್ಸಲ ಯೋಚಿಸಿ

ಹಾಸನದ ಕಡೆಯಿಂದ ಒಂದು ವಾಯ್ಸ್ ಮೆಸೇಜ್ ಬಂದಿದೆ. ಕಳಿಸಿದವರು ಬಿಕಾಂ ಎರಡನೇ ವರ್ಷದ ವಿದ್ಯಾರ್ಥಿನಿ, ಜೊತೆಗೆ ಸಿಎ ಮಾಡೋ ಆಸೆ. ‘ಅಕ್ಕ, ಅಪ್ಪ ಶುಂಠಿ ಮಾರಿದ ದುಡ್ಡಲ್ಲಿ 45 ಸಾವಿರ ಎತ್ತಿಟ್ಟಿದ್ದಾರೆ. ಇನ್ನು ಐದು ವರ್ಷ ಮತ್ತೆ ಕೇಳೋ ಹಾಗಿಲ್ಲ. ಅಂಗಡಿಯವರು 8 ಜಿಬಿ ರ‍್ಯಾಮ್ ಸಾಕು, ಬೇಕಾದ್ರೆ ಆಮೇಲೆ ಹಾಕಿಸ್ಕೊಳ್ಳಿ ಅಂತಿದ್ದಾರೆ. ಏನ್ ಮಾಡ್ಲಿ?’ ಇಷ್ಟೇ ಮೆಸೇಜು. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಇನ್ನೂ ತುಂಬಾ ಜನ ಕೇಳಿದ್ದೀರಿ. ಹಾಗಾಗಿ ಇವತ್ತು ಪೂರ್ತಿ ರ‍್ಯಾಮ್ ವಿಷಯವೇ.

ಅವಸರದಲ್ಲಿ ಇರೋರಿಗೆ ಉತ್ತರ ಮೊದಲೇ ಹೇಳಿಬಿಡ್ತೀನಿ. ವಿಂಡೋಸ್ ಲ್ಯಾಪ್‌ಟಾಪ್ ಹೊಸದಾಗಿ ತಗೋತಿದ್ರೆ, ನಾಲ್ಕೈದು ವರ್ಷ ಅದರಲ್ಲೇ ಕಳೀಬೇಕು ಅಂದ್ರೆ, 16 ಜಿಬಿ. ಆದ್ರೆ ‘8 ಸಾಕಾ, 16 ಬೇಕಾ’ ಅನ್ನೋದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ ಬೇರೆ ಇದೆ: ಈ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಆಮೇಲೆ ಹಾಕಿಸೋಕೆ ಜಾಗ ಇದ್ಯಾ? ಅಂಗಡಿಯವರು ‘ಆಮೇಲೆ ಹಾಕಿಸ್ಕೊಳ್ಳಿ’ ಅಂದಾಗ ನಾವು ಕೇಳೋದೇ ಇಲ್ಲ, ಎಲ್ಲಿಗೆ ಹಾಕಿಸೋದು ಅಂತ. ಅದಕ್ಕೆ ಬರ್ತೀನಿ.

ಮೊದಲು ಒಂದು ಗೊಂದಲ ಬಿಡಿಸೋಣ. ಕೆಲವು ಕಡೆ ‘512 ಮೆಮೊರಿ ಇದೆ’ ಅಂತಾರೆ. ಅದು ಸ್ಟೋರೇಜ್, ಅಂದ್ರೆ ಎಸ್‌ಎಸ್‌ಡಿ. ನಮ್ಮೂರ ಕಿರಾಣಿ ಅಂಗಡಿ ನೆನಪು ಮಾಡ್ಕೊಳ್ಳಿ. ಹಿಂದುಗಡೆ ಗೋಡೌನ್ ಇರುತ್ತೆ, ಮುಂದೆ ಕೌಂಟರ್ ಇರುತ್ತೆ. ಗೋಡೌನ್‌ನಲ್ಲಿ ಎಷ್ಟೇ ಮೂಟೆ ಇದ್ರೂ, ಗಿರಾಕಿ ಮುಂದೆ ಇಟ್ಟು ತೂಗೋಕೆ, ಕಟ್ಟೋಕೆ ಕೌಂಟರ್ ಮೇಲೆ ಜಾಗ ಬೇಕು. ಆ ಕೌಂಟರ್ರೇ ರ‍್ಯಾಮ್. ಒಬ್ಬ ಗಿರಾಕಿ ಬಂದ್ರೆ ಚಿಕ್ಕ ಕೌಂಟರ್ ಸಾಕು. ಹಬ್ಬದ ಹಿಂದಿನ ದಿನ ಹತ್ತು ಜನ ಒಟ್ಟಿಗೆ ನಿಂತ್ರೆ ಅರ್ಧ ಕಟ್ಟಿದ ಸಾಮಾನು ವಾಪಸ್ ಒಳಗೆ ಇಟ್ಟು, ಇನ್ನೊಬ್ಬರದ್ದು ತಂದು, ಮತ್ತೆ ಮೊದಲಿನದ್ದು ತರಬೇಕು. ರ‍್ಯಾಮ್ ತುಂಬಿದಾಗ ಲ್ಯಾಪ್‌ಟಾಪ್ ಮಾಡೋದೂ ಅದನ್ನೇ. ಸದ್ಯಕ್ಕೆ ಬೇಡದ್ದನ್ನ ಎಸ್‌ಎಸ್‌ಡಿಗೆ ಬರೆದಿಟ್ಟು ಜಾಗ ಮಾಡ್ಕೊಳ್ಳುತ್ತೆ. ನೀವು ಎಕ್ಸೆಲ್‌ನಿಂದ ಕ್ರೋಮ್‌ಗೆ ಹೋದಾಗ ಎರಡು ಸೆಕೆಂಡ್ ಬಿಳಿ ಪರದೆ ನಿಲ್ಲುತ್ತಲ್ಲ, ಎಷ್ಟೋ ಸಲ ಅದು ಗೋಡೌನ್‌ಗೆ ಓಡಾಡ್ತಿರೋ ಹೊತ್ತು.

ಫೋನ್ ಜಾಹೀರಾತಿನಲ್ಲಿ ‘8 + 8, ಒಟ್ಟು 16 ಜಿಬಿ’ ಅಂತ ನೋಡಿರ್ತೀರಿ. ಎರಡನೇ 8 ರ‍್ಯಾಮೇ ಅಲ್ಲ. ಗೋಡೌನ್‌ನ ಒಂದು ಮೂಲೆಗೆ ಸುಣ್ಣದಲ್ಲಿ ಗೆರೆ ಎಳೆದು ‘ಇದೂ ಕೌಂಟರ್’ ಅಂದ ಹಾಗೆ. ವಿಂಡೋಸ್‌ನಲ್ಲಿ ಈ ವ್ಯವಸ್ಥೆ ಮೊದಲಿಂದಲೂ ಇದೆ, ಪೇಜ್ ಫೈಲ್ ಅಂತಾರೆ. ಅದನ್ನ ಯಾರೂ ಜಾಹೀರಾತಿನಲ್ಲಿ ಹಾಕಲಿಲ್ಲ ಅಷ್ಟೇ.

ಈಗ ನಿಮಗೆ ಎಷ್ಟು ಬೇಕು ಅಂತ ತಿಳ್ಕೊಳ್ಳೋದು ಹೇಗೆ? ಊಹೆ ಬೇಡ, ಅಳೆಯೋಕೆ ಬರುತ್ತೆ. ನಿಮ್ಮ ಹಳೇ ಲ್ಯಾಪ್‌ಟಾಪೋ, ಕಾಲೇಜ್ ಲ್ಯಾಬಿನದ್ದೋ, ಫ್ರೆಂಡ್‌ದೋ ಯಾವುದಾದ್ರೂ ವಿಂಡೋಸ್ ಮಷೀನ್ ತಗೊಳ್ಳಿ. ನೀವು ದಿನಾ ಒಟ್ಟಿಗೆ ಏನೇನು ತೆರೀತೀರೋ ಎಲ್ಲಾ ತೆರೀರಿ. ಟ್ಯಾಲಿ, ಎಕ್ಸೆಲ್, ಜೂಮ್ ಕ್ಲಾಸ್, ಯೂಟ್ಯೂಬ್, ಪಿಡಿಎಫ್, ಕ್ರೋಮ್‌ನಲ್ಲಿ ಹದಿನೈದು ಟ್ಯಾಬ್. ನಾಚಿಕೆ ಪಟ್ಕೊಂಡು ಟ್ಯಾಬ್ ಮುಚ್ಚಬೇಡಿ, ಇದು ಇನ್‌ಸ್ಪೆಕ್ಷನ್ ಅಲ್ಲ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ.

ಅಲ್ಲಿ ಶೇಕಡಾವಾರು ನೋಡಿ ಗಾಬರಿ ಆಗಬೇಡಿ. ಖಾಲಿ ಇರೋ ರ‍್ಯಾಮ್‌ನ ವಿಂಡೋಸ್ ಸುಮ್ನೆ ಬಿಡಲ್ಲ, ಜಾಸ್ತಿ ಇದ್ರೆ ಜಾಸ್ತಿ ಬಳಸುತ್ತೆ. ಹಾಗಾಗಿ 16 ಜಿಬಿ ಮಷೀನ್‌ನಲ್ಲಿ 9 ತೋರಿಸಿದ್ರೆ ‘8ರಲ್ಲಿ ಕೆಲಸ ನಡೆಯೋದೇ ಇಲ್ಲ’ ಅಂತ ಅರ್ಥ ಅಲ್ಲ. ಕೆಳಗೆ ‘ಕಮಿಟೆಡ್’ ಅಂತ ಇರುತ್ತೆ, ಎರಡು ಅಂಕಿ. ಮೊದಲನೇ ಅಂಕಿ ಅಂದ್ರೆ ಓಡ್ತಿರೋ ಪ್ರೋಗ್ರಾಂಗಳಿಗೆಲ್ಲಾ ಸೇರಿಸಿ ವಿಂಡೋಸ್ ಕೊಡ್ತೀನಿ ಅಂತ ಒಪ್ಪಿಕೊಂಡ ಮೆಮೊರಿ. ಬ್ಯಾಂಕ್ ಲೋನ್ ಸ್ಯಾಂಕ್ಷನ್ ಮಾಡಿದ ಹಾಗೆ, ಎಲ್ಲಾ ಡ್ರಾ ಆಗಿರಲ್ಲ. ಆದ್ರೂ ಆ ಅಂಕಿ ನೀವು ತಗೋಬೇಕು ಅಂದ್ಕೊಂಡಿರೋ ರ‍್ಯಾಮ್‌ಗಿಂತ ಯಾವಾಗಲೂ ಮೇಲೇ ಇದ್ರೆ, ಅಷ್ಟು ಸಾಲಲ್ಲ ಅನ್ನೋದಕ್ಕೆ ಒಳ್ಳೇ ಸೂಚನೆ. ಎರಡು ಮೂರು ದಿನ, ಬೇರೆ ಬೇರೆ ಹೊತ್ತಲ್ಲಿ ನೋಡಿ.

ಇನ್ನೊಂದು ಮಾತು. ಹಳೇ ಲ್ಯಾಪ್‌ಟಾಪ್ ನಿಧಾನ ಅಂದ ತಕ್ಷಣ ರ‍್ಯಾಮ್ ಮೇಲೆ ತಪ್ಪು ಹಾಕಬೇಡಿ. ಒಳಗೆ ತಿರುಗೋ ಹಾರ್ಡ್ ಡಿಸ್ಕ್ ಇದ್ರೆ 32 ಜಿಬಿ ಹಾಕಿದ್ರೂ ಆನ್ ಆಗೋಕೆ ಟೀ ಕುಡಿಯೋಷ್ಟು ಹೊತ್ತು ಬೇಕು. ಮನೇಲಿ ನೆಟ್ ಸ್ಲೋ ಇದ್ರಂತೂ ರ‍್ಯಾಮ್ ಏನೂ ಮಾಡಲ್ಲ.

8 ಜಿಬಿ ಅಂತ ಬಾಕ್ಸ್ ಮೇಲೆ ಬರೆದಿದ್ರೆ 8 ಪೂರ್ತಿ ಸಿಗುತ್ತಾ? ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಪರದೆ ಮೇಲೆ ಚಿತ್ರ ಮೂಡಿಸೋ ಭಾಗವೂ ಇದೇ ರ‍್ಯಾಮ್‌ನಲ್ಲಿ ಪಾಲು ತಗೊಳ್ಳುತ್ತೆ. ಕೆಲವು ಮಾಡೆಲ್‌ಗಳಲ್ಲಿ 2 ಜಿಬಿ ಮೊದಲೇ ಎತ್ತಿಟ್ಟಿರ್ತಾರೆ, ಸೆಟ್ಟಿಂಗ್ಸ್‌ನಲ್ಲಿ ನೋಡಿದ್ರೆ ಬಳಕೆಗೆ ಇರೋದು 6ರ ಆಸುಪಾಸು ಅಂತ ಬರುತ್ತೆ. ವಿಂಡೋಸ್ 11 ತಾನೇ ಎದ್ದು ಕೂತ್ಕೊಳ್ಳೋಕೆ ಮೂರು ನಾಲ್ಕು ಜಿಬಿ ತಗೊಳ್ಳುತ್ತೆ. ಉಳಿದಿದ್ದು ನಿಮ್ಮದು. ಮೈಕ್ರೋಸಾಫ್ಟ್ ವಿಂಡೋಸ್ 11ಗೆ ಕನಿಷ್ಠ 4 ಜಿಬಿ ಸಾಕು ಅಂತ ಬರೆದಿದೆ. ಅದೇ ಕಂಪನಿ 2024ರಲ್ಲಿ ‘ಕೋಪೈಲಟ್ ಪ್ಲಸ್ ಪಿಸಿ’ ಅಂತ ಹೊಸ ಹೆಸರು ಕೊಟ್ಟಾಗ ಕನಿಷ್ಠ 16 ಅಂತ ನಿಯಮ ಇಟ್ಟಿತು. ಮುಂದಿನ ದಾರಿ ಯಾವ ಕಡೆ ಅಂತ ಅರ್ಥ ಮಾಡ್ಕೊಳ್ಳೋಕೆ ನನಗೆ ಎರಡನೇ ಅಂಕಿ ಸಾಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಾಕಿಸೋಕೆ ಜಾಗ ಇದ್ಯಾ?

ಹಿಂದೆ ಲ್ಯಾಪ್‌ಟಾಪ್ ಹಿಂಭಾಗದ ಸ್ಕ್ರೂ ಬಿಚ್ಚಿದ್ರೆ ಎರಡು ಸ್ಲಾಟ್ ಇರ್ತಿತ್ತು. ಉದ್ದನೆಯ ಹಸಿರು ಪಟ್ಟಿ ಥರದ ರ‍್ಯಾಮ್ ಕಡ್ಡಿ ತೆಗೆದು ಹಾಕಬಹುದಿತ್ತು. ಈಗ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಬಹುತೇಕ ರ‍್ಯಾಮ್ ಚಿಪ್‌ಗಳನ್ನ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರ್ತಾರೆ. ಸೋಲ್ಡರ್ಡ್ ಅಥವಾ ಆನ್‌ಬೋರ್ಡ್ ಅಂತಾರೆ. ಕಂಪನಿಗಳು ಬರೀ ದುಡ್ಡಿನ ಆಸೆಗೆ ಹೀಗೆ ಮಾಡ್ತವೆ ಅಂತ ಹೇಳೋದು ನ್ಯಾಯ ಅಲ್ಲ. ಚಿಪ್ ಪ್ರೊಸೆಸರ್ ಹತ್ತಿರ ಇದ್ದಷ್ಟೂ ವೇಗ ಹೆಚ್ಚು, ಬ್ಯಾಟರಿ ಖರ್ಚು ಕಡಿಮೆ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಿ ರ‍್ಯಾಮ್ ಪ್ರೊಸೆಸರ್ ಪ್ಯಾಕೇಜಿನ ಮೇಲೇ ಕೂತಿದೆ, 16 ಇಲ್ಲಾ 32, ಎರಡೇ ಆಯ್ಕೆ. ಆಪಲ್ 2020ರಲ್ಲಿ ಎಂ1 ತಂದಾಗಿನಿಂದ ಮ್ಯಾಕ್‌ಬುಕ್‌ಗಳೆಲ್ಲಾ ಹೀಗೇ. ಬ್ಯಾಟರಿ ಚೆನ್ನಾಗಿ ಬರೋದಕ್ಕೆ ಇದೂ ಒಂದು ಕಾರಣ, ನಿಜ. ಆದ್ರೆ ನಮ್ಮ ಕಡೆಯಿಂದ ನೋಡಿದ್ರೆ, ಬಿಲ್ ಹಾಕಿಸಿದ ದಿನ ಎಷ್ಟಿತ್ತೋ ಕೊನೆವರೆಗೂ ಅಷ್ಟೇ. ಆಮೇಲೆ ಹಾಕಿಸೋ ಮಾತೇ ಇಲ್ಲ.

ಇದನ್ನ ತಿಳ್ಕೊಳ್ಳೋಕೆ ಸ್ಕ್ರೂಡ್ರೈವರ್ ಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ಸ್ಪೆಸಿಫಿಕೇಶನ್ ಓದುವಾಗ ‘ಎಲ್‌ಪಿಡಿಡಿಆರ್’ ಅಂತ ಶುರುವಾದ್ರೆ, ಅಂದ್ರೆ ಎಲ್‌ಪಿಡಿಡಿಆರ್4ಎಕ್ಸ್, ಎಲ್‌ಪಿಡಿಡಿಆರ್5, 5ಎಕ್ಸ್ ಹೀಗೆ, ಅದು ಹೆಚ್ಚುಕಮ್ಮಿ ಖಂಡಿತ ಬೆಸುಗೆ ಹಾಕಿದ್ದು. ಬರೀ ‘ಡಿಡಿಆರ್4’, ‘ಡಿಡಿಆರ್5’ ಅಂತ ಇದ್ರೆ ಸ್ಲಾಟ್ ಇರೋ ಸಾಧ್ಯತೆ ಇದೆ, ಆದ್ರೆ ಖಾತ್ರಿ ಅಲ್ಲ. ‘ಎಸ್‌ಓ-ಡಿಮ್’ ಅನ್ನೋ ಪದ ಸಿಕ್ಕಿದ್ರೆ ಖುಷಿಪಡಿ, ಅದೇ ತೆಗೆದು ಹಾಕೋ ಕಡ್ಡಿ. ಅಮೆಜಾನ್, ಫ್ಲಿಪ್‌ಕಾರ್ಟ್ ಪುಟಕ್ಕಿಂತ ಕಂಪನಿಯದ್ದೇ ವೆಬ್‌ಸೈಟ್‌ನಲ್ಲಿ ಆ ಮಾಡೆಲ್ ನಂಬರ್ ಹುಡುಕಿ ನೋಡಿ. ಒಂದೇ ಹೆಸರಿನ ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಥರ ಇರುತ್ತೆ, ಕೊನೆಯ ಎರಡಕ್ಷರ ಮಾತ್ರ ಬೇರೆ.

ಅಂಗಡಿಗೆ ಹೋದ್ರೆ ಇನ್ನೂ ಸುಲಭ. ಡೆಮೋಗೆ ಇಟ್ಟಿರೋ ಪೀಸ್‌ನಲ್ಲಿ ಆಗಲೇ ಹೇಳಿದ ಟಾಸ್ಕ್ ಮ್ಯಾನೇಜರ್ ತೆರೀರಿ. ಮೆಮೊರಿ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್’, ‘ಫಾರ್ಮ್ ಫ್ಯಾಕ್ಟರ್’ ಅಂತ ಎರಡು ಸಾಲು ಇರುತ್ತೆ. ಫಾರ್ಮ್ ಫ್ಯಾಕ್ಟರ್ ಎದುರು ‘ರೋ ಆಫ್ ಚಿಪ್ಸ್’ ಅಂತಿದ್ರೆ ಬೆಸುಗೆ. ‘ಎಸ್‌ಓ-ಡಿಮ್’ ಅಂತಿದ್ರೆ ಸ್ಲಾಟ್. ಒಂದು ಎಚ್ಚರಿಕೆ: ಬೆಸುಗೆ ಹಾಕಿದ ಮಷೀನ್‌ನಲ್ಲೂ ಸ್ಲಾಟ್ಸ್ ಯೂಸ್ಡ್ ಸಾಲಿನಲ್ಲಿ ಅಂಕಿ ಬರುತ್ತೆ, ಅದನ್ನಷ್ಟೇ ನೋಡಿ ಜಾಗ ಇದೆ ಅಂತ ತೀರ್ಮಾನ ಮಾಡಬೇಡಿ. ಮೂರನೇ ಜಾತಿಯೂ ಇದೆ: 8 ಜಿಬಿ ಬೆಸುಗೆ, ಪಕ್ಕದಲ್ಲಿ ಒಂದು ಖಾಲಿ ಸ್ಲಾಟ್. ಅದು ಪರವಾಗಿಲ್ಲ, ಇನ್ನೊಂದು 8 ಹಾಕಿದ್ರೆ 16 ಆಗುತ್ತೆ.

‘ಅಪ್‌ಗ್ರೇಡ್ ಮಾಡಬಹುದು’ ಅಂತ ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಎಷ್ಟು ಸ್ಲಾಟ್, ಎಷ್ಟು ಖಾಲಿ, ಒಟ್ಟು ಎಷ್ಟು ಜಿಬಿವರೆಗೆ, ನಾನೇ ಹಾಕಿಸಿದ್ರೆ ವಾರಂಟಿ ಏನಾಗುತ್ತೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೇಳಿ. ಬಾಯಲ್ಲಿ ‘ಎಲ್ಲಾ ಆಗುತ್ತೆ ಮೇಡಂ’ ಅಂದವರು ಬರೆಯೋ ಹೊತ್ತಿಗೆ ಕಂಪನಿಗೆ ಫೋನ್ ಮಾಡಿ ವಿಚಾರಿಸ್ತಾರೆ.

ಸರಿ, ಸ್ಲಾಟ್ ಇದೆ ಅಂತಾನೇ ಇಟ್ಕೊಳ್ಳೋಣ. ಈಗ 8 ತಗೊಂಡು ಮುಂದಿನ ವರ್ಷ ಅಗ್ಗವಾಗಿ ಇನ್ನೊಂದು 8 ಹಾಕಿಸೋದು? 2024ರಲ್ಲಿ ಕೇಳಿದ್ದರೆ ನಾನು ಕಣ್ಣುಮುಚ್ಚಿ ಹೂಂ ಅಂತಿದ್ದೆ. ಆಗ ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮ್ 8 ಜಿಬಿ ಕಡ್ಡಿ ಎರಡು ಸಾವಿರದ ಆಸುಪಾಸಿನಲ್ಲಿ ಸಿಗ್ತಿತ್ತು, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಎರಡು ಅಂಗಡಿ ಚೌಕಾಶಿ ಮಾಡಿದ್ರೆ ಇನ್ನೂ ಕಡಿಮೆ. 2025ರ ಕೊನೆಯ ತಿಂಗಳುಗಳಿಂದ ಆ ಲೆಕ್ಕ ಕೆಟ್ಟುಹೋಯ್ತು. ಪ್ರಪಂಚದ ರ‍್ಯಾಮ್ ಚಿಪ್‌ನಲ್ಲಿ ದೊಡ್ಡ ಪಾಲು ಮಾಡೋದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಎಚ್‌ಬಿಎಂ ಅನ್ನೋ ವಿಶೇಷ ಮೆಮೊರಿ ಬೇಕು. ಅದರಲ್ಲಿ ಲಾಭ ಜಾಸ್ತಿ. ಅದೇ ಕಾರ್ಖಾನೆ, ಅದೇ ಸಿಲಿಕಾನ್ ಬಿಲ್ಲೆ. ಅಷ್ಟೇ ಸಾಮರ್ಥ್ಯದ ಸಾಮಾನ್ಯ ರ‍್ಯಾಮ್‌ಗಿಂತ ಎಚ್‌ಬಿಎಂ ಮಾಡೋಕೆ ಬಿಲ್ಲೆಯೂ ಹೆಚ್ಚು ಬೇಕು. ಹೊಲ ಅಷ್ಟೇ ಇದ್ದು ಎಲ್ಲರೂ ಶುಂಠಿ ಹಾಕಿದ್ರೆ ರಾಗಿ ಎಲ್ಲಿಂದ ಬರಬೇಕು? 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ಕ್ರೂಶಿಯಲ್ ಹೆಸರಲ್ಲಿ ನಮ್ಮಂಥ ಗ್ರಾಹಕರಿಗೆ ಮಾರ್ತಿದ್ದ ವ್ಯಾಪಾರವನ್ನೇ ಮುಚ್ತೀವಿ ಅಂತ ಘೋಷಣೆ ಮಾಡ್ತು. ಲ್ಯಾಪ್‌ಟಾಪ್‌ಗೆ ಕಡ್ಡಿ ಹಾಕಿಸಿದವರಲ್ಲಿ ಎಷ್ಟೋ ಜನರಿಗೆ ಪರಿಚಯ ಇದ್ದ ಹೆಸರು ಅದು.

ಗುಜರಾತಿನ ಸಾಣಂದ್‌ನಲ್ಲಿ ಮೈಕ್ರಾನ್ ಘಟಕ ಇದೆಯಲ್ಲ, ನಮಗೆ ಅಗ್ಗ ಆಗಲ್ವಾ ಅಂತ ಕೆಲವರು ಕೇಳ್ತೀರಿ. ಅದು ಜೋಡಣೆ ಮತ್ತು ಪರೀಕ್ಷೆ ಮಾಡೋ ಘಟಕ. ಚಿಪ್‌ನ ಸಿಲಿಕಾನ್ ಬಿಲ್ಲೆ ಬೇರೆ ದೇಶದಲ್ಲಿ ತಯಾರಾಗಿ ಇಲ್ಲಿಗೆ ಬರುತ್ತೆ. ಕೆಲಸ ಕೊಡುತ್ತೆ, ಒಳ್ಳೇದೇ. ಬೆಲೆ ಮಾತ್ರ ಜಗತ್ತಿನ ಮಾರುಕಟ್ಟೆಯದ್ದೇ.

ಅಂದ್ರೆ ‘ಈಗ ಕಮ್ಮಿ ತಗೊಂಡು ಆಮೇಲೆ ಹಾಕಿಸೋದು’ ಈಗ ಒಂಥರಾ ಸಟ್ಟಾ ವ್ಯಾಪಾರ. ಮುಂದಿನ ವರ್ಷ ಇಳಿಯಬಹುದು, ಏರಲೂಬಹುದು. ಕೊಳ್ಳೋ ದಿನ ಒಂದು ಸಣ್ಣ ಕೂಡಿಸೋ ಲೆಕ್ಕ ಮಾಡಿ. 8 ಜಿಬಿ ಮಾಡೆಲ್ ಬೆಲೆಗೆ ಅವತ್ತಿನ 8 ಜಿಬಿ ಕಡ್ಡಿ ಬೆಲೆ, ಹಾಕೋ ಕೂಲಿ ಸೇರಿಸಿ. ಅದು 16 ಜಿಬಿ ಮಾಡೆಲ್‌ಗೆ ಸಮ ಅಥವಾ ಹೆಚ್ಚು ಬಂದ್ರೆ ಯೋಚನೆಯೇ ಬೇಡ, 16ರದ್ದೇ ತಗೊಳ್ಳಿ. ಡಿಡಿಆರ್4 ಸ್ಲಾಟ್‌ಗೆ ಡಿಡಿಆರ್5 ಕೂರಲ್ಲ, ಯಾವುದು ಅಂತ ಮೊದಲೇ ಬರೆದಿಟ್ಕೊಳ್ಳಿ.

ಹಾಸನದ ತಂಗಿ ಮೂರು ಮಾಡೆಲ್ ಫೋಟೋ ಕಳಿಸಿದ್ದಾರೆ. ಮೊದಲನೇದು ತೆಳ್ಳಗೆ, ನೋಡೋಕೆ ಚೆಂದ, ಐ5 ಪ್ರೊಸೆಸರ್, 8 ಜಿಬಿ ಬೆಸುಗೆ, ಸ್ಲಾಟ್ ಇಲ್ಲ. ಅಂಗಡಿಯವರು ಒತ್ತಾಯ ಮಾಡ್ತಿರೋದು ಇದನ್ನೇ. ಎರಡನೇದು ಸ್ವಲ್ಪ ದಪ್ಪ, ಐ3, 8 ಜಿಬಿ, ಒಂದು ಸ್ಲಾಟ್ ಖಾಲಿ. ಮೂರನೇದು ರೈಜೆನ್ 5, ಹಿಂದಿನ ತಲೆಮಾರಿನದು, 16 ಜಿಬಿ, ಬಜೆಟ್‌ಗಿಂತ ಸಾವಿರದೈನೂರು ಜಾಸ್ತಿ.

ಮೊದಲನೇದನ್ನ ಬಿಟ್ಟುಬಿಡಿ. ಐ5 ಅನ್ನೋ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಕೌಂಟರ್ ದೊಡ್ಡದಾಗಲ್ಲ. ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಕ್ಲಾಸ್, ಮುಂದೆ ಆರ್ಟಿಕಲ್‌ಶಿಪ್‌ಗೆ ಹೋದಾಗ ದೊಡ್ಡ ದೊಡ್ಡ ಎಕ್ಸೆಲ್ ಶೀಟು, ಜಿಎಸ್‌ಟಿ ಪೋರ್ಟಲ್ಲು, ಹತ್ತಾರು ಪಿಡಿಎಫ್ಫು. ಈ ಕೆಲಸದಲ್ಲಿ ಪ್ರೊಸೆಸರ್‌ಗಿಂತ ಮೊದಲು ಸುಸ್ತಾಗೋದು ರ‍್ಯಾಮ್. ಮೂರನೇದು ನನ್ನ ಆಯ್ಕೆ. ಆ ಸಾವಿರದೈನೂರು ಹೊಂದಿಸೋಕೆ ಅಂಗಡಿಯವರು ಸೇರಿಸಿರೋ ಬ್ಯಾಗು, ಮೌಸು, ಆ್ಯಂಟಿವೈರಸ್ ತೆಗೆಸಿ. ಎಂಎಸ್ ಆಫೀಸ್ ಬೇಕು, ಅದನ್ನ ತೆಗೆಸಬೇಡಿ. ವಿಂಡೋಸ್ ಜೊತೆ ಡಿಫೆಂಡರ್ ಬರುತ್ತೆ, ಓದೋ ಮಕ್ಕಳಿಗೆ ಸಾಕು. ಎಷ್ಟು ಎಳೆದಾಡಿದ್ರೂ 45 ದಾಟೋಕೆ ಆಗಲ್ಲ ಅಂದ್ರೆ ಎರಡನೇದು ತಗೊಳ್ಳಿ, ಅಪ್ಪನ ಹತ್ರ ಸಾಲ ಹೇಳಬೇಡಿ. ಸ್ಲಾಟ್ ಇದೆ, ಸ್ಟೈಪೆಂಡ್ ಬಂದಾಗ ಹಾಕಿಸಿದ್ರಾಯ್ತು.

16ಕ್ಕೂ 8ಕ್ಕೂ ಆರು ಸಾವಿರ ವ್ಯತ್ಯಾಸ ಅಂದ್ರೆ ಐದು ವರ್ಷಕ್ಕೆ ತಿಂಗಳಿಗೆ ನೂರು ರೂಪಾಯಿ ಬಿತ್ತು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದ್ರೆ ಇದೇ ಲೆಕ್ಕ ಹೇಳಿ ನಿಮಗೆ 32 ಜಿಬಿನೂ ಮಾರ್ತಾರೆ, ಟಚ್ ಸ್ಕ್ರೀನೂ ಮಾರ್ತಾರೆ, ಮೂರು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿನೂ ಮಾರ್ತಾರೆ. ತಿಂಗಳ ಲೆಕ್ಕಕ್ಕೆ ಇಳಿಸಿದ್ರೆ ಎಲ್ಲವೂ ಅಗ್ಗವೇ. ಕೆಲಸಕ್ಕೆ ಬೇಕಾ ಅಂತ ಮೊದಲು ತೀರ್ಮಾನ ಆಗಲಿ, ಭಾಗಾಕಾರ ಆಮೇಲೆ.

32 ಯಾರಿಗೆ ಬೇಕು ಹಾಗಾದ್ರೆ? ಆ್ಯಂಡ್ರಾಯ್ಡ್ ಆ್ಯಪ್ ಮಾಡೋರಿಗೆ ಹತ್ತಿರ ಹತ್ತಿರ ಬೇಕು. ಆ್ಯಂಡ್ರಾಯ್ಡ್ ಸ್ಟುಡಿಯೋ ಜೊತೆ ಎಮ್ಯುಲೇಟರ್ ಓಡಿಸೋಕೆ ಗೂಗಲ್ ಹೇಳೋ ಕನಿಷ್ಠವೇ 16. ಒಂದರೊಳಗೆ ಇನ್ನೊಂದು ಕಂಪ್ಯೂಟರ್ ಥರ ವರ್ಚುವಲ್ ಮಷೀನ್ ಓಡಿಸೋರಿಗೆ, 4ಕೆ ವಿಡಿಯೋ ಎಡಿಟ್ ಮಾಡೋರಿಗೆ ಬೇಕು. ಎಐ ಮಾಡೆಲ್‌ನ ನೆಟ್ ಇಲ್ಲದೆ ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಓಡಿಸ್ತೀನಿ ಅನ್ನೋರು ಈಗ ಜಾಸ್ತಿ ಆಗಿದ್ದಾರೆ. 8 ಬಿಲಿಯನ್ ಪ್ಯಾರಾಮೀಟರ್‌ನ ಚಿಕ್ಕ ಮಾಡೆಲ್ಲೇ, ಕುಗ್ಗಿಸಿದ ರೂಪದಲ್ಲಿ, ಸುಮಾರು 5 ಜಿಬಿ ತಿನ್ನುತ್ತೆ. ಚಾಟ್‌ಜಿಪಿಟಿ, ಜೆಮಿನಿ ಬ್ರೌಸರ್‌ನಲ್ಲಿ ಬಳಸೋಕೆ ಇದ್ಯಾವುದೂ ಬೇಡ, ಅದು ಅವರ ಮಷೀನ್‌ನಲ್ಲಿ ಓಡುತ್ತೆ.

8 ಸಾಕಾಗೋರೂ ಇದ್ದಾರೆ. ಅಮ್ಮನಿಗೆ ವಿಡಿಯೋ ಕಾಲು, ಬ್ಯಾಂಕು, ಟೈಪಿಂಗು ಅಷ್ಟೇ ಅಂದ್ರೆ ಧಾರಾಳ ಸಾಕು. ಲಿನಕ್ಸ್ ಬಳಸೋರಿಗೂ ಸುಮಾರಾಗಿ ನಡೆಯುತ್ತೆ.

ಮ್ಯಾಕ್ ತಗೊಳ್ಳೋರಿಗೆ ಒಂದೇ ಮಾತು. ಆಪಲ್‌ನವರು 2023ರಲ್ಲಿ ಕೂಡ ತಮ್ಮ 8 ಜಿಬಿ ಬೇರೆಯವರ 16ಕ್ಕೆ ಸಮ ಅನ್ನೋ ವಾದ ಮಾಡ್ತಿದ್ದರು. 2024ರ ಅಕ್ಟೋಬರ್‌ನಲ್ಲಿ ಅವರೇ ಮ್ಯಾಕ್‌ಬುಕ್ ಏರ್‌ನ ಆರಂಭಿಕ ರ‍್ಯಾಮ್‌ನ ಅದೇ ಬೆಲೆಗೆ 16 ಮಾಡಿದರು. ಹಾಗಾಗಿ ಹಳೇ ಸ್ಟಾಕ್ 8 ಜಿಬಿ ಏರ್ ಆಫರ್‌ನಲ್ಲಿ ಕಂಡ್ರೆ ವ್ಯತ್ಯಾಸ ಎಷ್ಟು ಅಂತ ನೋಡಿ. 16ರಿಂದ 24ಕ್ಕೆ ಹೋಗೋಕೆ ಎಂ4 ಏರ್‌ನಲ್ಲಿ 20 ಸಾವಿರ ಇಟ್ಟಿದ್ದರು. ವಿಡಿಯೋ, ಕೋಡಿಂಗ್ ಹೊಟ್ಟೆಪಾಡು ಆಗಿದ್ರೆ ಮಾತ್ರ ಆ ಕಡೆ ನೋಡಿ.

ಗೇಮ್ ಆಡೋರಿಗೆ ಒಂದು ಸಣ್ಣ ವಿಷಯ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ರೆ 16ರ ಒಂದೇ ಕಡ್ಡಿಗಿಂತ 8ರ ಎರಡು ಕಡ್ಡಿ ಒಳ್ಳೇದು, ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಹೋಗುತ್ತೆ. ಇಂಟೆಲ್‌ನ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಇರೋ ಲ್ಯಾಪ್‌ಟಾಪ್‌ಗೆ ಒಂದೇ ಕಡ್ಡಿ ಹಾಕಿದ್ರೆ ಅದು ಬರೀ ‘ಯುಎಚ್‌ಡಿ ಗ್ರಾಫಿಕ್ಸ್’ ಅಂತ ತೋರಿಸುತ್ತೆ. ಇನ್ನೊಂದು ಹಾಕಿದ ಮೇಲೆ ಹೆಸರೇ ಬದಲಾಗುತ್ತೆ.

ಕಾಮರ್ಸ್ ಓದಿದ್ದಕ್ಕೆ ಇದೊಂದು ಹೇಳದೆ ಇರೋಕೆ ಆಗಲ್ಲ. ಲ್ಯಾಪ್‌ಟಾಪ್ ಮೇಲೆ ಜಿಎಸ್‌ಟಿ 18 ಪರ್ಸೆಂಟ್. 45 ಸಾವಿರದ ಬಿಲ್‌ನಲ್ಲಿ 6,864 ರೂಪಾಯಿ ತೆರಿಗೆಯೇ. ನಿಮ್ಮದೇ ವ್ಯಾಪಾರ ಇದ್ದು, ರೆಗ್ಯುಲರ್ ಜಿಎಸ್‌ಟಿ ನೋಂದಣಿ ಇದ್ದು, ಲ್ಯಾಪ್‌ಟಾಪ್ ಆ ವ್ಯಾಪಾರಕ್ಕೇ ಬಳಸೋದಾದ್ರೆ ಬಿಲ್‌ನಲ್ಲಿ ಜಿಎಸ್‌ಟಿ ನಂಬರ್ ಹಾಕಿಸಿ, ಇನ್‌ಪುಟ್ ಕ್ರೆಡಿಟ್ ಸಿಗುತ್ತೆ. 8ರಿಂದ 16ಕ್ಕೆ ಹೋಗೋ ದುಡ್ಡು ಅಲ್ಲೇ ಹುಟ್ಟಬಹುದು. ಕಾಂಪೊಸಿಶನ್ ಸ್ಕೀಮ್‌ನಲ್ಲಿ ಇರೋರಿಗೆ ಸಿಗಲ್ಲ. ಮತ್ತೆ, ಮಗಳ ಓದಿಗೆ ತಗೊಂಡು ಅಂಗಡಿ ಲೆಕ್ಕಕ್ಕೆ ಬರೆಯೋ ಐಡಿಯಾ ಕೇಳಬೇಡಿ, ನಾನು ಹೇಳಲ್ಲ.

ಕೊನೆಗೆ, ಲ್ಯಾಪ್‌ಟಾಪ್ ಮನೆಗೆ ಬಂದ ದಿನವೇ ಟಾಸ್ಕ್ ಮ್ಯಾನೇಜರ್ ತೆರೆದು ರ‍್ಯಾಮ್ ಎಷ್ಟು, ಫಾರ್ಮ್ ಫ್ಯಾಕ್ಟರ್ ಏನು ಅಂತ ಬಿಲ್ ಪಕ್ಕ ಇಟ್ಕೊಂಡು ನೋಡಿ, ಫೋಟೋ ತೆಗೀರಿ. ಅಂಗಡಿಯವರೇ ಬಾಕ್ಸ್ ಬಿಚ್ಚಿ ಹೆಚ್ಚುವರಿ ರ‍್ಯಾಮ್ ಹಾಕಿ ಕೊಟ್ಟಿದ್ರೆ ಆ ಕಡ್ಡಿಗೆ ಬೇರೆ ಬಿಲ್, ಅದರ ಬ್ರ್ಯಾಂಡು, ಸೀರಿಯಲ್ ನಂಬರ್ ಬರೆಸ್ಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದ್ರೆ ವಾಪಸ್ ಕೊಡೋ ಗಡುವು ಕೆಲವೇ ದಿನ ಇರುತ್ತೆ, ಸಿನಿಮಾ ನೋಡೋದು ಆಮೇಲೆ ಇರಲಿ.

ನಿಮ್ಮ ಬಜೆಟ್ಟು, ಕೆಲಸ, ಮಾಡೆಲ್ ನಂಬರ್ ಮೂರೂ ಹೇಳಿ ವಾಯ್ಸ್ ಮೆಸೇಜ್ ಕಳಿಸಿ. ಮಾಡೆಲ್ ನಂಬರ್ ಪೂರ್ತಿ ಹೇಳಿ, ಆ ಕೊನೆಯ ಎರಡಕ್ಷರ ಸೇರಿಸಿ.